ಮನೆ ಮಾರುವ ಮುನ್ನ

ಅಣ್ಣಿಗೇರಿಯಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಮಾರಬೇಕೆಂದು ನಾವು ಮೂವರು ಒಡಹುಟ್ಟಿದವರು ನಿಶ್ಚಯಿಸಿದುದು 2024ರ ಜೂನ್ ತಿಂಗಳಿನಲ್ಲಿ. ತಾಯಿಯವರು 2021ರಲ್ಲಿ ಲಿಂಗೈಕ್ಯರಾದಂದಿನಿಂದ ಆ ಮನೆಗೆ ಕೀಲಿ ಬಿದ್ದಿತ್ತು. ನಾನಿರುವುದು ಧಾರವಾಡದಲ್ಲಿ, ತಮ್ಮನ ಸಂಸಾರ ಹುಬ್ಬಳ್ಳಿಯಲ್ಲಿ, ತಂಗಿಯನ್ನು ಕೊಟ್ಟದ್ದು ಬೈಲಹೊಂಗಲಕ್ಕೆ. ಮೊದಲ ವರ್ಷ ತಿಂಗಳಿಗೊಮ್ಮೆ, ಎರಡನೆಯ ವರ್ಷ ಯುಗಾದಿಗೆ ಮತ್ತು ದೀಪಾವಳಿಗೆ, ಮೂರನೆಯ ವರ್ಷ ಒಂದೇ ಸಲ ಹೋಗಿ ಬಾಗಿಲು ತೆರೆದೆವು. ಹಾಗೆ ತೆರೆದಾಗ ಒಳಗಿನಿಂದ ಬಂದ ಮುಗ್ಗಲು ವಾಸನೆಯೇ ನಮಗೆ ನಿರ್ಣಯವನ್ನು ಹೇಳಿತೆನ್ನಬೇಕು. ಇಂಥ ಪ್ರಸಂಗ ಇಂದು ನಮ್ಮ ಅನೇಕ ಕುಟುಂಬಗಳಿಗೆ ಬಂದಿದೆ. ಇನ್ನು ಅನೇಕರಿಗೆ ಬರಲಿದೆ. ಆದುದರಿಂದ ಮಾರಾಟಕ್ಕಾಗಿ ಮನೆಯನ್ನು ಸಜ್ಜುಗೊಳಿಸುವಾಗ ನಮಗಾದ ಅನುಭವವನ್ನು, ಅದರಲ್ಲಿ ನಾನು ಪಟ್ಟ ಸಂಕೋಚವನ್ನೂ ಕೂಡಿಸಿ, ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಅದು ಆರು ಅಂಕಣದ ಮೇಲುಮುದ್ದೆಯ ಮನೆ. ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಸಾಗವಾನಿಯ ತಲಬಾಗಿಲು, ಪಡಸಾಲೆಯಲ್ಲಿ ಬೋದಿಗೆ ಹೊತ್ತ ನಾಲ್ಕು ಕಂಬ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನಡುಮನೆಗೆ ಬೆಳಕು ಬರುವುದು ಒಂದೇ ಬೆಳಕಿಂಡಿಯಿಂದ. ಬೇಸಿಗೆಯಲ್ಲಿ ಬಯಲುಸೀಮೆಯ ಬಿಸಿಲು ಹೊರಗೆ ಬೆಂಕಿಯಂತೆ ಸುಡುತ್ತಿದ್ದರೂ ಒಳಗೆ ಕಂಬಳಿ ಹೊದೆಯಬೇಕೆನ್ನುವಷ್ಟು ತಂಪು. ಇಂಥ ಮಾಳಿಗೆಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹಾಕಿಸಿ ತುಳಿಸಬೇಕು. ಆ ಸವಳು ಮಣ್ಣು ನೀರು ಬಿದ್ದೊಡನೆ ಅಂಟಾಗಿ ಮುಚ್ಚಿಕೊಂಡು ಒಳಗೆ ಹನಿ ಇಳಿಯಗೊಡುವುದಿಲ್ಲ. ತಾಯಿಯವರು ಇರುವವರೆಗೆ ಈ ಕೆಲಸ ತಪ್ಪಿರಲಿಲ್ಲ. ಕೀಲಿ ಹಾಕಿದ ಮೂರು ವರ್ಷಗಳಲ್ಲಿ ನಾವು ಒಂದು ವರ್ಷವೂ ಹಾಕಿಸಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಊರೂರಿಗೆ ಹೋಗಿ ಪ್ರವಚನ ಮಾಡಿದ ನನಗೆ ನಮ್ಮ ಮಾಳಿಗೆಗೆ ನಾಲ್ಕು ಗಾಡಿ ಮಣ್ಣು ಹಾಕಿಸುವ ಬಿಡುವು ಸಿಗಲಿಲ್ಲ!

ಮನೆ ತೋರಿಸಲು ಗೊತ್ತುಮಾಡಿದ ದಲಾಲಿ ವ್ಯವಹಾರಚತುರರು. ಕೆಟ್ಟವರೆಂದು ನಾನು ಹೇಳಲಾರೆ. ಒಂದು ಸುತ್ತು ಹಾಕಿ ಅವರು ಹೇಳಿದ ಸಲಹೆಗಳು ಹೀಗಿದ್ದವು. ಗೋಡೆಗಳಿಗೆ ಪುಟ್ಟಿ ಹಚ್ಚಿಸಿ ಪ್ಲಾಸ್ಟಿಕ್ ಪೇಂಟ್ ಹೊಡೆಸಬೇಕು. ತಲಬಾಗಿಲಿಗೆ ಹೊಳೆಯುವ ಎಣ್ಣೆಬಣ್ಣ ಬಳಿಸಬೇಕು. ತಾಯಿಯವರ ಹೊರಸು ಪಡಸಾಲೆಯಲ್ಲಿ ಇರಕೂಡದು. ಅದನ್ನು ನೋಡಿದರೆ ಬಂದವರಿಗೆ ‘ಸಂಶಯ’ ಬರುತ್ತದೆ. ಹಿತ್ತಲ ಬಾಗಿಲು ದಕ್ಷಿಣಕ್ಕಿದೆ, ವಾಸ್ತು ಕೇಳುವವರು ಇರುತ್ತಾರೆ, ಇಟ್ಟಿಗೆ ಇಟ್ಟು ಮುಚ್ಚಿದರೆ ಒಳಿತು. ಅಜ್ಜನ ಕಾಲದಿಂದ ನಮ್ಮನ್ನೆಲ್ಲ ಒಳಗೆ ಹೊರಗೆ ಬಿಟ್ಟ ಬಾಗಿಲು ಈ ವಯಸ್ಸಿನಲ್ಲಿ ದೋಷಿಯಾಯಿತಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ. “ಗುರುಗಳ, ಮಾರೂದಂದ್ರ ಮದವಿ ಮಾಡಿದಂಗ. ಹುಡುಗೀನ್ನ ಸಿಂಗಾರ ಮಾಡದ ಯಾರರ ತೋರಸ್ತಾರೇನು?” ಎಂದರು.

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅಲಕ್ಷ್ಯದಿಂದ ಮಂಕಾದ ಮನೆಯನ್ನು ಹಾಗೆಯೇ ತೋರಿಸುವುದು ಪ್ರಾಮಾಣಿಕತೆಯಲ್ಲ, ಸೋಮಾರಿತನ. ಧೂಳಿನ ಕೆಳಗೆ ಇರುವ ಗುಣವನ್ನು ಕಾಣಿಸುವುದು ಮಾರುವವನ ಕರ್ತವ್ಯವೇ ಸರಿ. ನಾವು ಶ್ರಾವಣಕ್ಕೆ ಮುಂಚೆ ಹದಿನೈದು ದಿನ ಆ ಕೆಲಸಕ್ಕೆ ನಿಂತೆವು. ತಂಗಿ ತನ್ನ ಮನೆಯ ಕೆಲಸ ಬಿಟ್ಟು ಬಂದು ಅಲ್ಲಿಯೇ ಉಳಿದಳು.

ಪುಟ್ಟಿಯ ವಿಷಯದಲ್ಲಿ ಮಾತ್ರ ನಾನು ಒಪ್ಪಲಿಲ್ಲ. ಮಣ್ಣಿನ ಗೋಡೆ ಉಸಿರಾಡುವ ಗೋಡೆ. ಮಳೆಗಾಲದಲ್ಲಿ ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಬಣ್ಣ ಬಳಿದರೆ ಅದು ಒಳಗೇ ನಿಂತು, ಎರಡೇ ವರ್ಷಗಳಲ್ಲಿ ಬಣ್ಣವೂ ಗಿಲಾವೂ ಕೂಡಿ ಹಪ್ಪಳದಂತೆ ಎದ್ದು ಬರುತ್ತವೆ. ಹೊಳಪು ಮಾರುವವನಿಗೆ, ಹಪ್ಪಳ ಕೊಂಡವನಿಗೆ! ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಓದುವಾಗ ಜಾತ್ರೆಗೆ ಮುಂಚೆ ಸುಣ್ಣ ಹಚ್ಚುವುದು ನಮ್ಮ ವಿದ್ಯಾರ್ಥಿಗಳ ಪಾಲಿನ ಕೆಲಸವಾಗಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರು ಮೊದಲು ನಮ್ಮ ಕೈಗೆ ಕೊಡುತ್ತಿದ್ದುದು ಕುಂಚವನ್ನಲ್ಲ, ಕೆರೆಯುವ ಕಬ್ಬಿಣದ ಪಟ್ಟಿಯನ್ನು. ಹಳೆಯ ಪದರು ಕೆರೆದು, ಗೋಡೆಗೆ ನೀರು ಚಿಮುಕಿಸಿ, ಆಮೇಲೆ ತೆಳುವಾಗಿ ಮೂರು ಕೈ ಹಚ್ಚಬೇಕು. ಈ ವಿದ್ಯೆ ಅರ್ಧ ಶತಮಾನದ ಮೇಲೆ ನಮ್ಮ ಮನೆಗೇ ಬಂದಿತು. ಸುಣ್ಣದ ಹರಳು ತಂದು ಗಡಿಗೆಯಲ್ಲಿ ಅರಳಿಸಿ, ಸೋಸಿ ಹಚ್ಚಿಸಿದೆವು. ತಲಬಾಗಿಲಿಗೆ ಹಿಂದೆ ಯಾವಾಗಲೋ ಬಳಿದಿದ್ದ ಹಸಿರು ಬಣ್ಣವನ್ನು ಬಡಿಗನಿಂದ ಕೆರೆಯಿಸಿ ಅಗಸೆ ಎಣ್ಣೆ ಹಚ್ಚಿಸಿದಾಗ ಒಳಗಿನ ಸಾಗವಾನಿಯ ಗೆರೆಗಳು ಮೇಲೆದ್ದವು. ನಾನು ಹುಟ್ಟಿದ ಮನೆಯ ಬಾಗಿಲು ಇಷ್ಟು ಚೆಲುವಾಗಿದೆಯೆಂಬುದು ಅದನ್ನು ಬಿಟ್ಟುಕೊಡುವ ಹೊತ್ತಿಗೆ ನನಗೆ ತಿಳಿಯಿತು. ತಂಗಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಬಳೆಗಳನ್ನು ತಿಕ್ಕಿದಳು. ಬೆಳಕಿಂಡಿಯ ಗಾಜು ತೊಳೆದ ದಿನ ನಡುಮನೆಯ ನೆಲದ ಮೇಲೆ ಬಿದ್ದ ಬಿಸಿಲಿನ ಚೌಕವನ್ನು ನೋಡಿ ತಮ್ಮ, “ಇಷ್ಟು ಬೆಳಕು ಇಲ್ಲಿ ಇತ್ತೇನಣ್ಣಾ?” ಎಂದ. ಹತ್ತು ಗಂಟೆಯಿಂದ ಹನ್ನೆರಡರವರೆಗೆ ಆ ಬೆಳಕು ಇರುತ್ತದೆ. ನೋಡುವವರನ್ನು ಆ ಹೊತ್ತಿಗೇ ಕರೆಯಬೇಕೆಂದು ದಲಾಲಿಯವರಿಗೆ ಹೇಳಿದೆವು. ಇದನ್ನು ಕಪಟವೆಂದು ನಾನು ಎಣಿಸುವುದಿಲ್ಲ.

ಅಟ್ಟ ಇಳಿಸುವ ಕೆಲಸ ಎಲ್ಲಕ್ಕಿಂತ ಕಠಿಣವಾಯಿತು. ಹಂಡೆ, ಕೊಪ್ಪರಿಗೆ, ಬೀಸುವ ಕಲ್ಲು, ತಂದೆಯವರು ಅರಳೆ ಅಂಗಡಿಯಲ್ಲಿ ದಿವಾಣಜಿಯಾಗಿದ್ದಾಗ ಬರೆದ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕಗಳು, ಮೂರು ಅಡ್ಡಣಿಗೆ. ಅಡ್ಡಣಿಗೆಗಳನ್ನು ತಲೆಗೊಂದರಂತೆ ಹಂಚಿಕೊಂಡೆವು. ಉಳಿದುದಕ್ಕೆ ಎರಡು ದಿನ ಮಾತು ನಡೆಯಿತು, ಅದನ್ನು ಬರೆಯುವ ಅವಶ್ಯಕತೆಯಿಲ್ಲ. ದೇವರ ಜಗುಲಿಯ ಮುಂದೆ ನಿಂತಾಗ ಮಾತ್ರ ಯಾರೂ ಮುಂದೆ ಕೈ ಹಾಕಲಿಲ್ಲ. ಜಗುಲಿಯ ಮೇಲೆ ಇದ್ದುದು ಗುರುಗಳ ಎರಡು ಭಾವಚಿತ್ರ, ವಿಭೂತಿಯ ಕರಡಿಗೆ, ಒಂದು ನಂದಾದೀಪ. ನಮ್ಮ ದೇವರು ಮನೆಯಲ್ಲಿ ಪ್ರತಿಷ್ಠೆಗೊಂಡವನಲ್ಲ, ಮೈಮೇಲೆ ಇರುವವನು; ಮನೆ ಬಿಟ್ಟರೆ ದೇವರನ್ನು ಬಿಟ್ಟಂತಾಗುವುದಿಲ್ಲವೆಂದು ನಾನು ಶಾಸ್ತ್ರ ಹೇಳಿದೆ. ತಂಗಿ ಕೇಳಿಸಿಕೊಂಡಳು, ಆಮೇಲೆ ದೀಪ ಹಚ್ಚಿ, ಅದು ತಾನಾಗಿ ಆರುವವರೆಗೆ ಕಾದು ಕುಳಿತು, ನಂತರವೇ ಭಾವಚಿತ್ರಗಳನ್ನು ಇಳಿಸಿದಳು.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸುಣ್ಣ ಹಚ್ಚುವ ಮೊದಲೇ ಅವುಗಳನ್ನು ಸಜ್ಜುಗೊಳಿಸುವುದು ಜಾಣತನ. ನಮ್ಮ ಉತಾರದಲ್ಲಿ ಇನ್ನೂ ತಂದೆಯವರ ಹೆಸರೇ ಇತ್ತು. ವಾರಸಾ ಮಾಡಿಸಿ ಮೂವರ ಹೆಸರು ಏರಿಸುವುದಕ್ಕೆ, ಋಣಭಾರ ಪ್ರಮಾಣಪತ್ರ ತೆಗೆಸುವುದಕ್ಕೆ, ಇ-ಖಾತೆಗೆ ಅರ್ಜಿ ಹಾಕುವುದಕ್ಕೆ ಸುಣ್ಣದ ಮೂರು ಪಟ್ಟು ಸಮಯ ಹಿಡಿಯಿತು. ‘ಹೆಣ್ಣುಮಕ್ಕಳ ಸಹಿ ಆಮೇಲೆ ತಗೊಂಡರಾಯ್ತು’ ಎಂದು ಹೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. 2005ರ ತಿದ್ದುಪಡಿಯ ಮೇಲೆ, ಅದರ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದ ಮೇಲೆ, ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮಾನಳು. ಅವಳನ್ನು ಮೊದಲೇ ಕೂಡಿಸಿಕೊಳ್ಳದ ಮಾರಾಟ ಮುಂದೆ ಕೊಂಡವನ ಕೊರಳಿಗೆ ಬೀಳುತ್ತದೆ.

ಈ ಸಿದ್ಧತೆಯ ನಡುವೆ ನನಗೆ ಮೇಲಿಂದ ಮೇಲೆ ನೆನಪಾಗುತ್ತಿದ್ದುದು 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡ ಇನ್ನೊಂದು ಮನೆಯ ಮಾರಾಟ. ನನ್ನ ಮಗಳು ಅಳಿಯ ಸ್ಯಾನ್ ಹೋಸೆ ನಗರದ ಬಳಿ ಇದ್ದ ಮನೆಯನ್ನು ಮಾರುವಾಗ ನಾವು ದಂಪತಿಗಳು ಅಲ್ಲಿಯೇ ಇದ್ದೆವು. ಅಲ್ಲಿ ಮನೆಯನ್ನು ಸಿಂಗರಿಸಿ ತೋರಿಸುವುದೇ ಒಂದು ಉದ್ಯೋಗ. ಅದಕ್ಕೆ ಅವರು ‘ಸ್ಟೇಜಿಂಗ್’ ಎನ್ನುತ್ತಾರೆ. ನಾಟಕದ ರಂಗಸಜ್ಜಿಕೆಗೆ ಬಳಸುವ ಮಾತು. ಆ ಕೆಲಸದ ಹೆಣ್ಣುಮಗಳು ಬಂದು ಮೊದಲು ಮಾಡಿದ್ದು ಗೋಡೆಯ ಮೇಲಿನ ನಮ್ಮೆಲ್ಲರ ಭಾವಚಿತ್ರಗಳನ್ನು ತೆಗೆಸಿದ್ದು. ಕೊಳ್ಳಲು ಬಂದವರು ಅಲ್ಲಿ ತಮ್ಮ ಸಂಸಾರವನ್ನು ಕಲ್ಪಿಸಿಕೊಳ್ಳಬೇಕು, ನಿಮ್ಮದನ್ನಲ್ಲ ಎಂದು ಅದರ ತರ್ಕ. ಮಗಳ ಕುರ್ಚಿ-ಕಪಾಟುಗಳು ಬಾಡಿಗೆ ಗೋದಾಮಿಗೆ ಹೋದವು. ಬಾಡಿಗೆಯ ಸೋಫಾ, ಬಾಡಿಗೆಯ ಚಿತ್ರಪಟ, ಬಾಡಿಗೆಯ ದಿಂಬು ಒಳಗೆ ಬಂದವು. ಊಟದ ಮೇಜಿನ ಮೇಲೆ ಯಾರೂ ಉಣ್ಣದ ಆರು ತಟ್ಟೆಗಳನ್ನಿಟ್ಟು, ಒಂದು ಬೋಗುಣಿಯ ತುಂಬ ನಿಂಬೆಹಣ್ಣು ಇಟ್ಟರು. ಹತ್ತು ದಿನ ಮನೆಯಲ್ಲಿ ಒಗ್ಗರಣೆ ನಿಷಿದ್ಧ. ನನ್ನ ಧರ್ಮಪತ್ನಿ ಪಕ್ಕದ ಬೀದಿಯಲ್ಲಿದ್ದ ಪರಿಚಯದವರ ಮನೆಗೆ ಹೋಗಿ ರೊಟ್ಟಿ ಬಡಿದು ತರುತ್ತಿದ್ದಳು. ಎಷ್ಟು ಬೂಟಾಟಿಕೆಯೆಂದು ನಾನು ಮನಸ್ಸಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೆ.

ಆದರೆ ಅದೇ ವಾರ ಅಳಿಯ ರಾತ್ರಿ ಕುಳಿತು ಒಂದು ಕಾಗದದ ಕಟ್ಟಿಗೆ ಉತ್ತರ ತುಂಬುತ್ತಿದ್ದ. ಕೇಳಿದೆ. ಆ ರಾಜ್ಯದಲ್ಲಿ 1987ರಿಂದ ಮನೆ ಮಾರುವವನು ತನ್ನ ಮನೆಯ ದೋಷಗಳನ್ನು ತಾನೇ ಬರೆದು ಸಹಿ ಮಾಡಿ ಕೊಳ್ಳುವವನಿಗೆ ಕೊಡಬೇಕೆಂದು ಕಾನೂನಿದೆಯಂತೆ. ಮಾಡು ಸೋರುತ್ತದೆಯೇ, ತಳಪಾಯ ಸರಿದಿದೆಯೇ, ಅನುಮತಿಯಿಲ್ಲದೆ ಏನಾದರೂ ಕಟ್ಟಿದ್ದೀರಾ, ನೆರೆಯವರ ಗದ್ದಲವಿದೆಯೇ ಎಂಬುದು ಸಹ ಅದರಲ್ಲಿ. ಮೂರು ವರ್ಷಗಳ ಒಳಗೆ ಮನೆಯಲ್ಲಿ ಮರಣವಾಗಿದ್ದರೆ ತಿಳಿಸಬೇಕು. ಅದಕ್ಕೂ ಹಿಂದಿನದನ್ನು ತಾನಾಗಿ ಹೇಳಬೇಕಾಗಿಲ್ಲ, ಆದರೆ ಕೇಳಿದರೆ ಸುಳ್ಳಾಡುವಂತಿಲ್ಲ. ಅಂದರೆ ಮುಂಬಾಗಿಲಲ್ಲಿ ನಿಂಬೆಹಣ್ಣಿನ ಬೋಗುಣಿ, ಮೇಜಿನ ಮೇಲೆ ದೋಷಗಳ ಪಟ್ಟಿ. ನನ್ನ ತೀರ್ಪನ್ನು ಅರ್ಧ ಹಿಂತೆಗೆದುಕೊಳ್ಳಬೇಕಾಯಿತು. ಇಂಥ ಕಾನೂನು ನಮ್ಮಲ್ಲಿ ಇಲ್ಲವೆಂದು ತಿಳಿಯಬೇಡಿರಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾರದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕೆನ್ನುತ್ತದೆ. ತಿಳಿಸದಿದ್ದರೆ ಅದು ವಂಚನೆಯೆಂದೇ ಹೇಳುತ್ತದೆ. ಆದರೆ ತುಂಬಬೇಕಾದ ಪಟ್ಟಿ ನಮ್ಮ ಕೈಗೆ ಯಾರೂ ಕೊಡುವುದಿಲ್ಲ. ಪಟ್ಟಿಯಿಲ್ಲದಲ್ಲಿ ನೆನಪೂ ಇರುವುದಿಲ್ಲ.

ನನಗೆ ನೆನಪಿತ್ತು. ಅದೇ ನನ್ನ ತೊಡಕು.

ನಮ್ಮ ಮನೆಯ ಉತ್ತರದ ಬದಿಗೆ ಹೊಂದಿ ಒಂದು ಕೋಣೆಯಿದೆ. ಮೊದಲು ಅಲ್ಲಿ ಇದ್ದುದು ತೆರೆದ ಅಂಗಳ. ಅಂಗಳದ ನಡುವೆ ಹಗೇವು. ಇಂದಿನ ಮಕ್ಕಳಿಗೆ ಹಗೇವು ಎಂದರೆ ವಿವರಿಸಬೇಕಾದೀತು: ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದಲ್ಲಿ ತೋಡಿದ ಕಣಜ, ಬಾಯಿ ಕಿರಿದು, ಹೊಟ್ಟೆ ಹಿರಿದು. ತೆಗೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸಾಯುತ್ತಾನೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. 1972ರ ಬರದಲ್ಲಿ ನಮ್ಮ ಹಗೇವು ಬರಿದಾಯಿತು. ಮತ್ತೆ ಅದನ್ನು ತುಂಬುವ ಭಾಗ್ಯ ತಂದೆಯವರಿಗೆ ಬರಲಿಲ್ಲ. ಮರುವರ್ಷ ಅವರು ಅದಕ್ಕೆ ಬೂದಿ, ಹೆಂಟೆ, ಒಡೆದ ಹಂಚು, ಕೈಗೆ ಸಿಕ್ಕುದನ್ನೆಲ್ಲ ಸುರಿದು ಮುಚ್ಚಿ, ಮೇಲೆ ಶಹಾಬಾದಿ ಫರ್ಸಿ ಹಾಸಿ, ಅಂಗಳಕ್ಕೆ ಮಾಡು ಹೊದಿಸಿ ಕೋಣೆ ಮಾಡಿದರು. ಬೂದಿಯ ಬುಟ್ಟಿ ಹೊತ್ತವನು ನಾನೇ. ಆಗ ನನಗೆ ಹದಿನೈದು ವರ್ಷ. ಮುಂದೆ ಆ ಕೋಣೆಯ ಗೋಡೆಯಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಅಣ್ಣಿಗೇರಿಯದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೆಳಗೆ ಸಡಿಲು ಹೊಟ್ಟೆಯಿದ್ದಲ್ಲಿ ಗೋಡೆ ಅದರೊಡನೆ ಉಸಿರೆಳೆಯುತ್ತದೆ. ಚೈತ್ರ-ವೈಶಾಖದಲ್ಲಿ ಆ ಬಿರುಕಿನಲ್ಲಿ ಬೆರಳು ಹೋಗುತ್ತದೆ. ಶ್ರಾವಣದಲ್ಲಿ ಕೂದಲೆಳೆ ಸಹ ಹೋಗದು. ನಾವು ಸುಣ್ಣ ಹಚ್ಚಿಸಿದುದು ಆಷಾಢದ ಮಳೆಯಲ್ಲಿ. ಮೂರು ಕೈ ಹಚ್ಚಿದ ಮೇಲೆ ಆ ಗೋಡೆ ಮನೆಯಲ್ಲಿಯೇ ಅತ್ಯಂತ ಸೊಗಸಾಗಿ ಕಾಣುತ್ತಿತ್ತು.

ಕೊಳ್ಳಲು ಬಂದವರು ಶಿಕ್ಷಕ ದಂಪತಿಗಳು. ಜೊತೆಗೆ ಅವರ ವೃದ್ಧ ತಾಯಿ, ಇಬ್ಬರು ಮಕ್ಕಳು. ಹನ್ನೊಂದು ಗಂಟೆಯ ಬೆಳಕಿನಲ್ಲಿ ಮನೆ ನೋಡಿ ಸಂತೋಷಪಟ್ಟರು. ಆ ತಾಯಿ ಪಡಸಾಲೆಯಲ್ಲಿ ನಿಂತು, “ಇಲ್ಲಿ ಯಾರರ ಹೋಗ್ಯಾರೇನ್ರಿ?” ಎಂದು ಮೆಲ್ಲಗೆ ಕೇಳಿದರು. ದಲಾಲಿಯವರು ಬಾಯಿ ತೆರೆಯುವ ಮೊದಲೇ ನಾನು, “ನಮ್ಮ ಅವ್ವಾರು ಇಲ್ಲೇ, ಈ ಕಂಬದ ಕಡೆ ತಲಿ ಮಾಡಿಕೊಂಡು ಹ್ವಾದ್ರು” ಎಂದೆ. ನಮ್ಮಲ್ಲಿ ಮರಣಕ್ಕೆ ಸೂತಕವಿಲ್ಲವಾದುದರಿಂದ ಆ ಮಾತು ಹೇಳಲು ನನಗೆ ಕಷ್ಟವಾಗಲಿಲ್ಲ. “ಪುಣ್ಯವಂತಿ, ತಮ್ಮ ಮನ್ಯಾಗ ಹ್ವಾದ್ರು” ಎಂದಷ್ಟೇ ಅವರು ಹೇಳಿದರು. ಅವರ ಬ್ಯಾಂಕಿನ ಕಡೆಯಿಂದ ಮೌಲ್ಯಮಾಪನಕ್ಕೆ ಬಂದವರು ಹತ್ತು ನಿಮಿಷ ಅಳತೆ ಹಿಡಿದು ಹೋದರು; ಅವರಿಗೂ ಏನೂ ಕಾಣಲಿಲ್ಲ. ಇಪ್ಪತ್ತೆಂಟೂವರೆ ಲಕ್ಷಕ್ಕೆ ಮಾತಾಯಿತು. ಮುಂದಿನ ಸೋಮವಾರ ಸಂಚಕಾರ ಕೊಡುವುದೆಂದಾಯಿತು. ಹೊರಡುವಾಗ ಶಿಕ್ಷಕರು ಉತ್ತರದ ಕೋಣೆಯ ನಡುವೆ ನಿಂತು, “ಇಲ್ಲೆ ನಾಕು ಕಾಲಂ ಎಬ್ಬಿಸಿ ಮ್ಯಾಲೆ ಮಕ್ಕಳಿಗೆ ಎರಡು ಖೋಲಿ ಹಾಕಬೇಕಂತ ಐತ್ರಿ” ಎಂದರು. ಅವರ ಕಾಲು ಹಗೇವಿನ ಬಾಯಿಯ ಮೇಲೆಯೇ ಇತ್ತು.

ಆ ರಾತ್ರಿ ಒಂದು ಕಾಗದ ತೆಗೆದುಕೊಂಡು ಅಳಿಯ ಮಾಡಿದಂತೆ ಬರೆಯಲು ಕುಳಿತೆ. ಮೂರು ವರ್ಷ ಮಾಳಿಗೆಗೆ ಮಣ್ಣು ಬಿದ್ದಿಲ್ಲ. ಮೂರನೆಯ ತೊಲೆಯ ತುದಿಗೆ ಗೆದ್ದಲು ಹಿಡಿದಿದೆ. ಪಡುವಣ ಗೋಡೆ ಬಾಜೂ ಮನೆಯವರಿಗೂ ನಮಗೂ ಕೂಡಿದ್ದು. ಮಳೆಗಾಲದಲ್ಲಿ ಹಿತ್ತಲ ಗಟಾರದ ನೀರು ಬಚ್ಚಲಿಗೆ ಮರಳಿ ಬರುತ್ತದೆ. ಇವೆಲ್ಲ ಸರಾಗವಾಗಿ ಬಂದವು. ಕಡೆಯ ಎರಡು ಸಾಲಿಗೆ ಬಂದಾಗ ಲೇಖನಿ ನಿಂತಿತು. ಶಾಸ್ತ್ರ ಓದಿದವನಿಗೆ ನೆಪಗಳಿಗೆ ಬರವಿಲ್ಲ. ಕೇಳಿದರೆ ಹೇಳೋಣ, ಕಾಲಂ ಹಾಕುವಾಗ ಗೌಂಡಿಗೆ ತಾನಾಗಿ ತಿಳಿಯುತ್ತದೆ, ಐವತ್ತು ವರ್ಷ ಬೀಳದ ಕೋಣೆ ಈಗೇಕೆ ಬೀಳುತ್ತದೆ? ಒಂದೊಂದೂ ಯುಕ್ತಿಯುಕ್ತವಾಗಿಯೇ ಇತ್ತು.

ತಮ್ಮನಿಗೆ ಹೇಳಿದೆ. ಹಗೇವು ಮುಚ್ಚಿದಾಗ ಅವನು ಎರಡು ವರ್ಷದ ಕೂಸು. ಅವನಿಗೆ ಅದು ಗೊತ್ತೇ ಇರಲಿಲ್ಲ. ಅವನದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿಯ ಸಣ್ಣ ಅಂಗಡಿ. ಅಂಗಡಿಯ ಸಾಲವಿತ್ತು, ಮಗಳ ಓದಿನ ಖರ್ಚಿತ್ತು. ಒಂಬತ್ತೂವರೆ ಲಕ್ಷ ತನ್ನ ಪಾಲಿಗೆ ಬರುತ್ತದೆಂದು ಅವನು ಈಗಾಗಲೇ ಎಲ್ಲರಿಗೂ ವಾಯಿದೆ ಹೇಳಿದ್ದ. “ಅಣ್ಣಾ, ಅವ್ರು ಕೇಳಿಲ್ಲ. ಕೇಳದ್ದನ್ನ ನೀ ಯಾಕ ಹೇಳ್ತಿ?” ಎಂದ. ನಾನು ಏನೋ ಹೇಳಹೊರಟೆ. ಅವನು ತಡೆದು, “ನಿನಗ ಪಿಂಚಣಿ ಬರ್ತದ. ಖರೇ ಮಾತಾಡಾಕ ನಿನಗ ಪರವಡಸ್ತದ” ಎಂದ. ತಮ್ಮ ನನಗೆ ಎದುರಾಡಿದವನಲ್ಲ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿ ಉತ್ತರವಿಲ್ಲ. ನೂರಾರು ಪ್ರವಚನಗಳಲ್ಲಿ ಸತ್ಯದ ಮಹಿಮೆಯನ್ನು ವಿವರಿಸಿದ್ದೇನೆ. ಅದರ ಖರ್ಚು ಯಾರ ಚೀಲದಿಂದ ಹೋಗುತ್ತದೆಂಬ ಪ್ರಶ್ನೆಯನ್ನು ಯಾವ ಸಭಿಕನೂ ನನಗೆ ಕೇಳಿರಲಿಲ್ಲ.

ತಂಗಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಖೋಲ್ಯಾಗ ನಾ ಒಂದ್ ರಾತ್ರಿನೂ ಮಲಗಿಲ್ಲಣ್ಣಾ. ಹಗೇವು ಬಾಯಿ ತೆರೀತದಂತ ಅಂಜಿಕಿ” ಎಂದಳು. ನಮ್ಮಿಬ್ಬರಿಗೂ ಐವತ್ತು ವರ್ಷ ಗೊತ್ತಿದ್ದ ಸಂಗತಿಯನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. “ಆ ಮಾಸ್ತರರ ಮಕ್ಕಳ ಖೋಲಿ ಅದರ ಮ್ಯಾಲೇನು?” ಎಂದು ಕೇಳಿದಳು. ಹೌದೆಂದೆ. ಮುಂದೆ ಮಾತು ಬೆಳೆಯಲಿಲ್ಲ.

ಸೋಮವಾರ ಅವರು ಎಲೆ-ಅಡಿಕೆ, ಸಕ್ಕರೆ, ಲಕೋಟೆಯಲ್ಲಿ ಒಂದು ಲಕ್ಷ ರೂಪಾಯಿ ತೆಗೆದುಕೊಂಡು ಬಂದರು. ಅವರು ಲಕೋಟೆ ಹೊರಗೆ ತೆಗೆಯುವ ಮೊದಲು ನಾನು ಕಾಗದ ಮುಂದಿಟ್ಟೆ. ಶಿಕ್ಷಕರು ಎರಡು ಸಲ ಓದಿದರು. ನಂತರ ಉತ್ತರದ ಕೋಣೆಗೆ ಕರೆದೊಯ್ದು, ಬೆಳ್ಳನೆಯ ಗೋಡೆಯ ಮೇಲೆ ಬಿರುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಇಲ್ಲದ ಗೆರೆಯನ್ನು ತೋರಿಸುವ ನನ್ನನ್ನು ಅವರು ವಿಚಿತ್ರವಾಗಿ ನೋಡಿದರು. ಚಹಾ ಕುಡಿದರು. “ವಿಚಾರ ಮಾಡಿ ಹೇಳ್ತೀವ್ರಿ” ಎಂದು ಎದ್ದರು. ಎಲೆ-ಅಡಿಕೆಯನ್ನು ನಮ್ಮ ಮನೆಯಲ್ಲಿಯೇ ಬಿಟ್ಟು ಹೋದರು. ದಲಾಲಿಯವರು ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟುವಾಗ ಮಾತ್ರ, “ಇನ್ನ ಊರಿಗೆಲ್ಲ ಗೊತ್ತಾತು ಬಿಡ್ರಿ” ಎಂದರು. ತಮ್ಮ ಹುಬ್ಬಳ್ಳಿಯ ಗಾಡಿ ಹಿಡಿದ.

ಅವರು ಹೇಳಿದಂತೆಯೇ ಆಯಿತು. ದಸರೆ ಹೋಯಿತು, ದೀಪಾವಳಿ ಹೋಯಿತು, ಸಂಕ್ರಮಣವೂ ಬಂದು ಹೋಯಿತು. ಬಂದ ಒಬ್ಬರಿಬ್ಬರು ಹದಿನೆಂಟು ಲಕ್ಷ, ಇಪ್ಪತ್ತು ಲಕ್ಷ ಎಂದರು. ತಮ್ಮ ಫೋನಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಆ ಎಂಟು ತಿಂಗಳು ನಾನು ಎಲ್ಲಿಯೂ ಪ್ರವಚನ ಒಪ್ಪಿಕೊಳ್ಳಲಿಲ್ಲ. ಆರೋಗ್ಯದ ಕಾರಣ ಹೇಳಿದೆ. ಅದು ಸುಳ್ಳು. ಮನೆಯ ವಿಷಯದಲ್ಲಿ ಅಷ್ಟು ಸತ್ಯ ಹೇಳಿದವನು ಹೇಳಿದ ಸುಳ್ಳು ಅದು.

2025ರ ಏಪ್ರಿಲಿನಲ್ಲಿ ಅದೇ ಶಿಕ್ಷಕರು ಫೋನು ಮಾಡಿದರು. ಬಿರುಕು ತೆರೆದಿರುವಾಗ ನೋಡಬೇಕೆಂದರು. ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರರನ್ನು ಕರೆತಂದಿದ್ದರು. ಅವರು ಬಿರುಕಿನಲ್ಲಿ ಕಡ್ಡಿ ಇಳಿಸಿ ಅಳೆದರು, ಫರ್ಸಿ ಎಬ್ಬಿಸಿ ಕಬ್ಬಿಣದ ಸಲಾಕೆ ಹಾಕಿ ನೋಡಿದರು. ಸಲಾಕೆ ಕೈಯ ಭಾರಕ್ಕೇ ಮೊಳ ಮೊಳ ಇಳಿಯಿತು. ಹಗೇವನ್ನು ತಳದವರೆಗೆ ತೆಗೆದು, ಗರಸು ತುಂಬಿ ಪದರು ಪದರಾಗಿ ನೀರು ಬಿಟ್ಟು ದಮ್ಮಸು ಮಾಡಬೇಕು. ಕಾಲಂಗಳನ್ನು ಅದರಿಂದ ದೂರ ಸರಿಸಬೇಕು. ಗೋಡೆಯನ್ನು ಇಳಿಸಿ ಕಟ್ಟಬೇಕು ಎಂದರು. ಮೂರು ಲಕ್ಷ ಖರ್ಚು ಬರುತ್ತದೆಂದು ಲೆಕ್ಕ ಹಾಕಿ ಶಿಕ್ಷಕರು ಇಪ್ಪತ್ತೈದೂವರೆಗೆ ಕೇಳಿದರು. ಉಳಿದ ಮನೆಯ ವಿಷಯದಲ್ಲಿ ಒಂದು ರೂಪಾಯಿಯ ಚೌಕಾಸಿಯನ್ನೂ ಮಾಡಲಿಲ್ಲ. ಎಂಟು ತಿಂಗಳಲ್ಲಿ ಬೇರೆ ಮೂರು ಮನೆ ನೋಡಿದ್ದರಂತೆ. ಕಾಗದದಲ್ಲಿ ಬರೆದು ಕೊಟ್ಟವರು ಬೇರೆ ಯಾರೂ ಸಿಗಲಿಲ್ಲವೆಂದರು.

ತಮ್ಮನ ಒಂಬತ್ತೂವರೆ ಲಕ್ಷ ಕಡಿಮೆಯಾಗಕೂಡದೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಅವನ ಪಾಲಿನ ಕೊರತೆಯನ್ನು ನನ್ನದರಲ್ಲಿ ಮುರಿದುಕೊಳ್ಳೆಂದೆ. ಅವನು ಮುಖ ನೋಡದೆ ಒಪ್ಪಿಕೊಂಡ. ತಂಗಿಗೂ ಹಾಗೆಯೇ ಹೇಳಿದಾಗ ಅವಳಿಗೆ ಸಿಟ್ಟು ಬಂದಿತು. “ಹಗೇವು ನಂದೂ ಹೌದಲ್ಲ?” ಎಂದು ಎಂಟೂವರೆಗೇ ಸಹಿ ಮಾಡಿದಳು. ನನಗೆ ಬಂದುದು ಏಳೂವರೆ. ತಮ್ಮನ ಬಾಯಿಂದ ‘ಬೇಡಣ್ಣಾ’ ಎಂಬ ಮಾತು ಬರಬಹುದೆಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಅದು ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ; ಅವನ ಅಗತ್ಯ ನಿಜವಾದುದು.

ಮೇ ತಿಂಗಳಲ್ಲಿ ನೋಂದಣಿಯಾಯಿತು. ಕೀಲಿಕೈ ಕೊಡುವ ದಿನ ಮೂವರೂ ಹೋಗಿದ್ದೆವು. ತಂಗಿ ಹೊಸ್ತಿಲಿಗೆ ಅರಿಷಿಣ-ಕುಂಕುಮ ಹಚ್ಚಿದಳು. ನಾನು ಆ ತಾಯಿಗೆ ಕರಲು ಮಣ್ಣು ಯಾವ ಹೊಲದ ಬದಿಯಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಹೇಳಿ, ಉತ್ತರದ ಕೋಣೆಯಲ್ಲಿ ಹಗೇವಿನ ಸುತ್ತ ಸುಣ್ಣದಿಂದ ಗುಂಡಗೆ ಗೆರೆ ಹಾಕಿ ಬಂದೆ.

ಜೂನ್ ಮೊದಲ ವಾರ ಶಿಕ್ಷ‌ಕರಿಂದ ಫೋನು ಬಂತು. ಹಗೇವು ತಳದವರೆಗೆ ತೆಗೆದಾಯಿತು, ಕೆಳಗೆ ಕರ್ರಗಾದ ಜೋಳದ ಹೊಟ್ಟು ಒಂದು ಗೇಣಿನಷ್ಟು ಸಿಕ್ಕಿತು, ತುಂಬಲು ಐದು ಟ್ರೇಲರ್ ಗರಸು ಹಿಡಿಯಿತು ಎಂದರು. ಅಂದು ಸಂಜೆ ಬೇರೆ ಯಾವುದೋ ಕೆಲಸಕ್ಕೆ ತಮ್ಮನಿಗೆ ಫೋನು ಮಾಡಿದಾಗ ಈ ಮಾತನ್ನೂ ಹೇಳಿದೆ. ಅವನು ಒಮ್ಮೆಲೇ ಉತ್ತರಿಸಲಿಲ್ಲ.

“ಐದ್ ಟ್ರೇಲರ್?” ಎಂದು ಕೇಳಿದ.

“ಹೌದು, ಐದು.”

“ಹಂಗಾರ ನಮ್ಮ ಅಪ್ಪ ಅಷ್ಟು ಜ್ವಾಳ ತುಂಬತಿದ್ನೇನಣ್ಣಾ?” ಎಂದ. ಆಮೇಲೆ ಆ ಹಗೇವಿನಿಂದ ಜೋಳ ತೆಗೆಯುವ ದಿನ ಮನೆಯ ಮುಂದೆ ಯಾರು ಯಾರು ಚೀಲ ಹಿಡಿದು ನಿಲ್ಲುತ್ತಿದ್ದರೆಂದು ಕೇಳಿದ. ನನಗೆ ನೆನಪಿದ್ದಷ್ಟನ್ನು ಹೇಳುತ್ತ ಹೋದೆ. ಅರ್ಧ ತಾಸಾದ ಮೇಲೆ ಫೋನಿನ ಕರೆನ್ಸಿ ಮುಗಿಯಿತು. ಅವನೇ ತಿರುಗಿ ಮಾಡಿದ.